ಪುಸ್ತಕದಲ್ಲಿಲ್ಲದ ಜ್ವರ

ಪದ್ಮಾಕ್ಷಿ ಮಡಿಕೇರಿಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್, ದೇವಸ್ಥಾನದ ಭಟ್ಟರ ಮನೆಯ ಸೊಸೆ. ಕಥೆಗಳಲ್ಲಿ ಹುಡುಗಿಯರು ದೊಡ್ಡವರಾಗುವ ಪಾಠ ಬಂದರೆ ಅವಳ ಮಾತಿಗೆ ಎಣೆಯೇ ಇರಲಿಲ್ಲ. ಮೈನೆರೆಯುವುದರಲ್ಲಿ ನಾಚುವಂಥದ್ದೇನಿದೆ ಎಂದು ತರಗತಿಯಲ್ಲಿ ಕೇಳುವ ಧೈರ್ಯ ಅವಳೊಬ್ಬಳಿಗೇ ಇತ್ತು. ಅದೇ ತರಗತಿಯಲ್ಲಿದ್ದ ಮಗಳು ತನ್ಮಯೀ ಹೆಮ್ಮೆಯಿಂದ ಕೇಳುತ್ತಿದ್ದಳು.

ಕಾವೇರಿ ತೀರ್ಥೋದ್ಭವದ ದಿನ ಮನೆಯವರೆಲ್ಲ ತಲಕಾವೇರಿಗೆ ಹೊರಟು ನಿಂತಿದ್ದಾಗ ತನ್ಮಯೀ ಮೈನೆರೆದಳು. ಓಡಿ ಬಂದು ಅಮ್ಮನ ಕಿವಿಯಲ್ಲಿ ಹೇಳಿದಳು. ನಿಜ ತಿಳಿದರೆ ಮೈಲಿಗೆಯೆಂದು ಅತ್ತೆ ಯಾತ್ರೆಯನ್ನೇ ನಿಲ್ಲಿಸುತ್ತಿದ್ದರು.

"ಮಗು ಬರೋದಿಲ್ವಾ?" ಜೀಪಿನಿಂದ ಅತ್ತೆ ಕೇಳಿದರು.

"ಅವಳಿಗೆ ಜ್ವರ ಅತ್ತೆ, ನಾನೂ ಇಲ್ಲೇ ಇರ್ತೀನಿ," ಎಂದಳು ಪದ್ಮಾಕ್ಷಿ, ಮಗಳ ಮುಖ ನೋಡದೆ. ಸಂಜೆ ಅವರು ತಂದ ತೀರ್ಥದ ಬಾಟಲಿಯನ್ನು ಮಗಳ ಕೈಗೆಟುಕದಂತೆ ಅಟ್ಟದ ಮೇಲಿಟ್ಟಳು.

ಮರುದಿನ ತರಗತಿಯಲ್ಲಿ ಕಾದಂಬರಿಯ ಪಾಠ ಮುಗಿಸಿ ಕೇಳಿದಳು, "ಈ ಹುಡುಗಿ ತನ್ನ ಮುಗ್ಧತೆ ಕಳಕೊಂಡದ್ದು ಯಾವಾಗ?"

ತನ್ಮಯೀ ಎದ್ದು ನಿಂತಳು. "ಅವಳಿಗೆ ಜ್ವರ ಅಂತ ಅಮ್ಮ ಅಜ್ಜಿ ಹತ್ರ ಹೇಳಿದಾಗ, ಮಿಸ್."

"ಅದು ಯಾವ ಪೇಜಲ್ಲಿದೆ ಮಿಸ್?" ಎಂದಳು ಹಿಂದಿನ ಬೆಂಚಿನವಳು. ಹುಡುಗಿಯರೆಲ್ಲ ಹುಡುಕತೊಡಗಿದರು. ಪದ್ಮಾಕ್ಷಿಯೂ ತಲೆಯೆತ್ತದೆ ಪುಟ ತಿರುವುತ್ತಲೇ ಇದ್ದಳು.