ಪರದೆಗೆ ಏನೂ ಗೊತ್ತಿರಬಾರದು

ಮೇಡಂ ಮಾತಾಡುವ ಮೊದಲು ಅವರ ಗಂಟಲು ಮಾತಾಡುತ್ತಿತ್ತು. ಅದು ಕೆಮ್ಮಲ್ಲ. ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಾಗ ಬರುವಂಥ ಒಂದು ಕರಕರ ಸದ್ದು. ಆಮೇಲೆ ತೋರುಬೆರಳಿನ ಉಗುರಿನಿಂದ ಮಾನಿಟರಿನ ಗಾಜಿಗೆ ಟಕ್ ಟಕ್. ಆಮೇಲಷ್ಟೇ ಮಾತು. ಗೋವಿಂದರಾಜನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಇಷ್ಟೆಲ್ಲ ಮುಗಿಯುವಷ್ಟರಲ್ಲಿ, ಯಾರ ಕೋಡ್ ಕೆಟ್ಟಿದೆಯೋ ಅವನ ಬೆನ್ನು ತಾನಾಗಿ ನೆಟ್ಟಗಾಗಿರುತ್ತಿತ್ತು. ಬಹಳ ಸಲ ಆ ಬೆನ್ನು ನನ್ನದೇ.

ನಾನು ಸಂಬಳಕ್ಕೆ ಪ್ರೋಗ್ರಾಮರ್, ಚಟಕ್ಕೆ ಮಿಮಿಕ್ರಿಯವನು. ಇನ್ನೂ ಶುರುವೇ ಆಗದ ಕೆಲಸದ ಬಗ್ಗೆ ನಮ್ಮ ಬಾಸ್ ಫೋನಿನಲ್ಲಿ "ಆಗೋಯ್ತು ಸಾರ್, ಆಗೋಯ್ತು" ಅನ್ನುವುದನ್ನು ಮಾಡುತ್ತಿದ್ದೆ. ಕೆಳಗಿನ ಪಾತ್ರೆ ಅಂಗಡಿಯ ಆಂಟಿ ಚೌಕಾಸಿಗೆ ಬಂದವರನ್ನು ಸಾಗಹಾಕುವುದನ್ನು ಮಾಡುತ್ತಿದ್ದೆ. ಇಂಟರ್‌ವ್ಯೂನಲ್ಲಿ ಉತ್ತರ ಗೊತ್ತಿಲ್ಲದಾಗ ದನಿ ದಪ್ಪ ಮಾಡಿಕೊಂಡು "ಬೇಸಿಕಲಿ" ಎಂದು ಶುರುಮಾಡುವ ನನ್ನನ್ನೂ ಬಿಟ್ಟವನಲ್ಲ. ಮೇಡಂ ಮಾತ್ರ ಹೊಸಬನಿಗೆ ಸ್ವಲ್ಪ ಅಪಾಯದ ವಸ್ತು. ಆದರೂ ಒಂದು ದಿನ ಕಾಫಿ ಹೊತ್ತಿನಲ್ಲಿ ಹುಡುಗರು "ಮೇಡಂದು ಮಾಡೋ ಮಗಾ" ಎಂದು ಕಿಚಾಯಿಸಿದರು. ಶಟರ್ ಸದ್ದು ಮಾಡಿದೆ, ಫ್ಲಾಸ್ಕಿಗೆ ಟಕ್ ಟಕ್ ಬಡಿದೆ, "ಗುಡ್ ಜಾಬ್ ಕಣೋ, ಹೀಗೇ ಮುಂದುವರಿಸು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರೋ ಸ್ವಿಚ್ ಆರಿಸಿದ ಹಾಗೆ ನಗು ನಿಂತಿತು. ಹಿಂದೆ ಮೇಡಂ, ಕೈಯಲ್ಲಿ ಲೋಟ.

"ಇನ್ನೊಂದ್ಸಲ ಮಾಡು," ಅಂದರು.

ಮಾಡಿದೆ. ಅವರು ತಲೆ ಓರೆ ಮಾಡಿ, ನಾವು ಬರೆದ ಕೋಡಿನಲ್ಲಿ ತಪ್ಪು ಹುಡುಕುವ ರಿವ್ಯೂನಲ್ಲಿ ಇರುವಷ್ಟೇ ಗಮನದಿಂದ ಕೇಳಿದರು.

"ಧ್ವನಿ ಸರಿಯಾಗಿದೆ. ಆದ್ರೆ ಗುಡ್ ಜಾಬ್ ಅಂತ ನಾನ್ಯಾವತ್ತೋ ಅಂದೆ? ಮಾತು ನಂದಲ್ಲ. ಮುಖ ಎತ್ಕೊಂಡ್ ಬಂದಿದೀಯ, ಒಳಗಿರೋದನ್ನ ಅಲ್ಲೇ ಬಿಟ್ಟಿದೀಯ."

ಕಾಫಿ ಬಗ್ಗಿಸಿಕೊಂಡು ಹೋದರು. ಬೈದಿದ್ದರೆ ಸಂಜೆಯೊಳಗೆ ಮರೆತುಬಿಡುತ್ತಿದ್ದೆ. ಇದು ಬೈಗುಳವಲ್ಲ, ರಿವ್ಯೂ.

ನಮ್ಮ ಕೆಲಸ ಏನೆಂದು ಹೇಳಬೇಕು. ನಾಯಂಡಹಳ್ಳಿಯ ಸುತ್ತಮುತ್ತಲಿನ ಗೋಡೌನುಗಳಿಗೆ ಬರುವ ಲಾರಿಗಳನ್ನು ತೂಗಲು ವೇಬ್ರಿಡ್ಜ್‌ಗಳಿವೆ. ಕಬ್ಬಿಣದ ದೊಡ್ಡ ಹಾಸಿನ ಮೇಲೆ ಲಾರಿ ನಿಂತರೆ ಪಕ್ಕದ ಗೂಡಿನಂಥ ಕೋಣೆಯ ಕಂಪ್ಯೂಟರಿನಲ್ಲಿ ತೂಕ ಕಾಣುತ್ತದೆ. ಆ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ನಮ್ಮದು. ಅದನ್ನು ಬುಡದಿಂದ ಕಟ್ಟಿದವರು ಮೇಡಂ.

ಅದಕ್ಕೊಂದು ಹೊಸ ಪುಟ ಸೇರಿಸುವುದು ನನ್ನ ಮೊದಲ ಕೆಲಸ. 'ತೂಕ ತೋರಿಸು' ಎಂಬ ಬಟನ್ ಇಟ್ಟೆ. ಒತ್ತಿದರೆ ಅದು ನೇರ ತಕ್ಕಡಿಯ ಕೇಬಲ್‌ಗೇ ಕೈಹಾಕಿ ಅಂಕಿ ತಂದು ಪರದೆಗೆ ಅಂಟಿಸಿ, ಹಾಗೇ ಬಗ್ಗಿ ಡೇಟಾಬೇಸಿಗೂ ತುರುಕುತ್ತಿತ್ತು. ಒಂದೇ ಬಟನ್ನಿನಲ್ಲಿ ಇಡೀ ಸಂಸಾರ. ಹೆಮ್ಮೆಯಿಂದ ಕರೆದು ತೋರಿಸಿದೆ. ಶಟರ್ ಸದ್ದು. ಟಕ್ ಟಕ್.

"ನಿಂಗೆ ನಾಚಿಕೆ ಆದ್ರೆ ಮುಖ ಕೆಂಪಗಾಗುತ್ತಲ್ಲ, ಅದಕ್ಕೆ ಬಟನ್ ಒತ್ತುತೀಯೇನೋ?"

ಹುಡುಗರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ನೋಡು, ಈಗ ಕೆಂಪಗಾಯ್ತು. ಯಾರೂ ಹೇಳ್ಲಿಲ್ಲ. ಒಳಗೆ ಬದಲಾಯ್ತು, ಹೊರಗೆ ಕಾಣಿಸ್ತು. ಅದೇ ಡೇಟಾ ಬೈಂಡಿಂಗು. ತೂಕಾನ ಪರದೆಗೆ ಒಂದ್ಸಲ ಕಟ್ಟಿಬಿಡು, ಆಮೇಲೆ ಹಿಂದೆ ಹಿಂದೆ ಓಡ್ಬೇಡ."

ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಲೈಡುಗಟ್ಟಲೆ ನೋಡಿ ನಿದ್ದೆ ಹೊಡೆದಿದ್ದ ವಿಷಯ ನನ್ನ ಕಿವಿಯಲ್ಲೇ ಸುಡುತ್ತಿತ್ತು. ಅಷ್ಟಕ್ಕೇ ಬಿಡಲಿಲ್ಲ. ಕಿಟಕಿಯ ಹತ್ತಿರ ಕರೆದರು. ಎದುರು ಮನೆಯವರು ಮಹಡಿಯಲ್ಲಿ ಕೈ ತೊಳೆಯುತ್ತಿದ್ದರು.

"ಆಯಮ್ಮಂಗೆ ನೀರು ಬೇಕು. ಏನ್ ಮಾಡಿದ್ರು?"

"ನಲ್ಲಿ ತಿರುಗಿಸಿದ್ರು ಮೇಡಂ."

"ಮೇಲಿಂದ ಸಂಪಿಗೆ ಬಕೆಟ್ ಇಳಿಬಿಟ್ರಾ? ಇಲ್ವಲ್ಲ. ಕೆಳಗೆ ಸಂಪು, ಮೇಲೆ ಟ್ಯಾಂಕು, ಆಮೇಲೆ ನಲ್ಲಿ. ಬರ್ತಿರೋದು ಕಾವೇರಿ ನೀರೋ, ಬೋರ್ ನೀರೋ, ಟ್ಯಾಂಕರ್ ನೀರೋ ನಲ್ಲಿಗೆ ಗೊತ್ತಾ? ಗೊತ್ತಿರೋದೂ ಬೇಡ. ನಾಳೆ ನಲ್ಲಿ ಬದಲಾಯಿಸಿದ್ರೆ ಸಂಪು ಒಡೀಬೇಕಾಗಲ್ಲ. ಪರದೇನೂ ನಲ್ಲಿ ಥರ, ಲೆಕ್ಕ ಎಲ್ಲಾ ಕೆಳಗಿನ ಪದರದಲ್ಲಿ. ಪರದೆಗೆ ಏನೂ ಗೊತ್ತಿರಬಾರದು ಕಣೋ. ಒಳಗಿರೋದನ್ನ ತೋರಿಸ್ಬೇಕು, ಅಷ್ಟೇ. ನಿನ್ ಥರ ಎಲ್ಲಾ ಗೊತ್ತಿರೋನ ಹಾಗೆ ಮುಖ ಮಾಡ್ಕೊಂಡ್ ನಿಂತ್ಕೋಬಾರದು."

ಮಾರನೆಯ ದಿನ ನಾಯಂಡಹಳ್ಳಿಗೆ ಕರೆದುಕೊಂಡು ಹೋದರು. ಗೂಡಿನೊಳಗೆ ಆಪರೇಟರ್ ಅಣ್ಣ ಕಾಲು ಚಾಚಿ ಕೂತಿದ್ದ, ಕೈ ಕೀಬೋರ್ಡಿನ ಹತ್ತಿರವೂ ಇರಲಿಲ್ಲ. ಒಂದು ಲಾರಿ ಬಂತು. ಮುಂದಿನ ಗಾಲಿ ಕಬ್ಬಿಣದ ಹಾಸಿನ ಮೇಲೆ ಹತ್ತುತ್ತಿದ್ದಂತೆ ಪರದೆಯ ಅಂಕಿ ಮೇಲೆದ್ದಿತು. ಹಿಂದಿನ ಗಾಲಿ ಹತ್ತಿತು, ಅಂಕಿ ಇನ್ನೂ ಹತ್ತಿತು. ಇಂಜಿನ್ ನಡುಗಿದ ಹಾಗೆಲ್ಲ ಅದೂ ನಡುಗಿತು. ಇಂಜಿನ್ ಆರಿತು, ಅಂಕಿ ನಿಂತು ಹಸಿರಾಯಿತು. ಡ್ರೈವರ್ ಬೀಡಿ ಹಚ್ಚಲು ಹಾಸಿನಾಚೆ ಕೆಳಗೆ ಹಾರಿದ; ಅವನಷ್ಟು ತೂಕ ಪರದೆಯಲ್ಲೂ ಕೆಳಗೆ ಹಾರಿತು. ಅಷ್ಟು ದೊಡ್ಡ ಕಬ್ಬಿಣಕ್ಕೂ ಈ ಚೋಟುದ್ದದ ಅಂಕಿಗೂ ನಡುವೆ ಯಾರೂ ಓಡಾಡುತ್ತಿಲ್ಲ, ಯಾರೂ ಯಾರನ್ನೂ ಕೂಗುತ್ತಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಏನ್ ಸಾರ್, ಗರ್ಭಗುಡಿ ಮುಂದೆ ನಿಂತಂಗ್ ನಿಂತಿದೀರ?" ಅಂದ ಆಪರೇಟರ್.

"ಬಿಡಪ್ಪ," ಅಂದರು ಮೇಡಂ. "ಇಷ್ಟು ದಿನ ಬರೀತಿದ್ದ. ಇವತ್ತು ನೋಡ್ತಿದಾನೆ."

ಆ ಶಟರ್ ಸದ್ದು ಬರಬರುತ್ತಾ ಹೆಚ್ಚಾಯಿತು. ನಾವು ಅದನ್ನು ಕೋಪ ಎಂದುಕೊಂಡೆವು, ನನ್ನ ಮಿಮಿಕ್ರಿಯೂ ಅದಕ್ಕೆ ತಕ್ಕಂತೆ ಬೆಳೆಯಿತು. ಒಂದು ದಿನ ಮೇಡಂ ರಜೆ ಹಾಕಿದರು. ಗಂಟಲಿನಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ ಎಂದು ಬಾಸ್ ಹೇಳಿದರು.

ಆಪರೇಷನ್ನಿಗೆ ಹೋಗುವ ಮೊದಲು ಮೇಡಂ ಒಂದು ಕೆಲಸ ಹಿಡಿದಿದ್ದರು. ವೇಬ್ರಿಡ್ಜ್ ಯಜಮಾನರುಗಳಿಗೆ ಹೊಸ ಪರದೆ ಬೇಕಾಗಿತ್ತು: ದೊಡ್ಡ ಕನ್ನಡ ಅಕ್ಷರ, ಬೆರಳಲ್ಲಿ ಮುಟ್ಟಿದರೆ ಕೆಲಸ. ಹೊರಗಿನ ಒಂದು ಕಂಪನಿ, ಹಳೆಯದನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಬರೆಯಬೇಕು ಎಂದು ಬಾಸ್ ತಲೆಗೆ ತುಂಬಿತ್ತು. ಮೇಡಂ ಮಾತ್ರ, ನಲ್ಲಿ ಬದಲಾಯಿಸೋಕೆ ಸಂಪು ಯಾಕೆ ಒಡೀತೀರ ಎಂದು ಅದೇ ಹಟದಲ್ಲಿದ್ದರು.

ವಾಪಸು ಬಂದಾಗ ಕತ್ತಿಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿಕೊಂಡಿದ್ದರು. ಉಸಿರು ಆ ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ಬಾಸ್ ಕೆಟ್ಟವರಲ್ಲ, ಕುರ್ಚಿ ಅವರೇ ಎಳೆದುಕೊಟ್ಟರು.

"ಮೇಡಂ, ನೀವು ಮನೇಲಿ ರೆಸ್ಟ್ ತಗೊಳ್ಳಿ. ಮೀಟಿಂಗು, ಟ್ರೈನಿಂಗು, ರಿವ್ಯೂ... ಎಲ್ಲಾ ಮಾತಿನ ಕೆಲಸ ಅಲ್ವಾ? ಹೊರಗಿನವರಿಗೇ ಒಪ್ಪಿಸಿಬಿಡ್ತೀನಿ."

ಮೇಡಂ ಎದ್ದು ಬೋರ್ಡಿನ ಮೇಲೆ ಬರೆದರು: 'ಹೊಸ ಪರದೆ ಡೆಮೊ ನಾನೇ ಕೊಡ್ತೀನಿ. ಆಮೇಲೆ ಕಿತ್ತುಹಾಕಿ, ಸಾಫ್ಟ್‌ವೇರನ್ನೋ ನನ್ನನ್ನೋ.'

ಬರೆದದ್ದನ್ನು ಓದಿ ಹೇಳುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡಿದ್ದರು. ಬರೆದು ಒತ್ತಿದರು. ಅದು ಮೇಡಂ ಮಾತನ್ನು ಮೆಟ್ರೋ ರೈಲಿನ 'ಮುಂದಿನ ನಿಲ್ದಾಣ ನಾಯಂಡಹಳ್ಳಿ, ಬಾಗಿಲುಗಳು ಎಡಕ್ಕೆ ತೆರೆಯುತ್ತವೆ' ಎಂಬ ಧಾಟಿಯಲ್ಲಿ ಉಲಿಯಿತು. ಯಾರೋ ಕಿಸಕ್ಕೆಂದರು. ಮೇಡಂ ಫೋನ್ ಬೋರಲು ಹಾಕಿ ನನ್ನತ್ತ ನೋಡಿದರು. ಬೋರ್ಡಿನ ಮೇಲೆ: 'ನೀನು ಮಾತಾಡು.'

"ಅಯ್ಯೋ ಬೇಡ ಮೇಡಂ. ಅಷ್ಟೊಂದ್ ಜನರ ಮುಂದೆ, ನಿಮ್ಮ ಥರ... ತಪ್ಪಾಗುತ್ತೆ."

'ಇಷ್ಟು ದಿನ ನನ್ನ ಕೇಳದೆ ಮಾಡ್ತಿದ್ದೆ. ನಾನೇ ಕೇಳಿದ್ರೆ ನಾಚಿಕೆನಾ?'

ಡೆಮೊ ನಾಯಂಡಹಳ್ಳಿಯ ಅದೇ ಗೂಡಿನಲ್ಲಿ. ಯಜಮಾನರುಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಬಾಸ್ ಬಾಗಿಲಿಗೆ ಒರಗಿ. ಮೇಡಂ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಬೇಕು, ಪಕ್ಕದಲ್ಲಿ ನಿಂತು ನಾನು ಓದಬೇಕು. ಮೊದಲ ಸಾಲು ಬಂತು. ಶಟರ್ ಸದ್ದು ಮಾಡಿ, "ಎಲ್ಲರಿಗೂ ನಮಸ್ಕಾರ" ಎಂದೆ. ಗಡ್ಡ ಬಿಟ್ಟವನ ಬಾಯಿಂದ ಐವತ್ತು ದಾಟಿದ ಹೆಂಗಸಿನ ದನಿ! ಇಡೀ ಗೂಡು ಗೊಳ್ಳೆಂದಿತು. ಬಿಳಿ ಪಂಚೆಯ ಹಿರಿಯ ಯಜಮಾನರೊಬ್ಬರು ಬಾಸ್ ಕಡೆ ತಿರುಗಿ, "ಏನ್ರೀ ಇದು, ನಾಟಕದ ಕಂಪ್ನೀನಾ?" ಅಂದರು. ಬಾಸ್ ಕರ್ಚೀಫು ತೆಗೆದರು. ಮೇಡಂ ಬೆರಳು ನಿಲ್ಲಲಿಲ್ಲ. ಅಕ್ಷರಗಳು ಬಂದಂತೆ ನಾನು ಹೇಳಿದೆ:

"ನಾಟಕ ಅಲ್ಲ ಸಾರ್. ನನ್ನ ಗಂಟಲು ತೆಗೆದಿದಾರೆ, ಮಾತು ತೆಗೆದಿಲ್ಲ. ಇವನು ಬರೀ ನಲ್ಲಿ. ನೀರು ನಂದು."

ಯಾರೂ ನಗಲಿಲ್ಲ. ಹಿರಿಯರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಮೇಡಂ ಎರಡು ಪರದೆ ಅಕ್ಕಪಕ್ಕ ಇಡಿಸಿದ್ದರು, ಒಂದು ಹಳೆಯದು, ಒಂದು ಹೊಸದು. ಲಾರಿ ಬಂತು. ಎರಡರಲ್ಲೂ ಅಂಕಿ ಒಟ್ಟಿಗೇ ಎದ್ದಿತು, ಒಟ್ಟಿಗೇ ನಡುಗಿತು. ಡ್ರೈವರ್ ಹಾಸಿನಿಂದ ಇಳಿದ, ಎರಡರಲ್ಲೂ ಒಟ್ಟಿಗೇ ಇಳಿಯಿತು. "ಮುಖ ಹೊಸದು. ಕೆಳಗೆ ಒಂದು ಸಾಲೂ ಮುಟ್ಟಿಲ್ಲ. ಇಷ್ಟು ವರ್ಷ ನೀವು ನಂಬಿದ ತೂಕಾನೇ ಇದು," ಎಂದು ನಾನು ಹೇಳಿದೆ. ಅಂದರೆ ಅವರು ಹೇಳಿದರು. ಅಷ್ಟು ಹೊತ್ತಿಗೆ ಯಜಮಾನರುಗಳು ನನ್ನ ಗಡ್ಡ ನೋಡುವುದು ಬಿಟ್ಟು ಮೇಡಂ ಮುಖವನ್ನೇ ನೋಡುತ್ತಿದ್ದರು. ನಾನು ಅಲ್ಲಿ ಇರಲೇ ಇಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಮಿಮಿಕ್ರಿಗೆ ಯಾರೂ ನಗುತ್ತಿರಲಿಲ್ಲ, ಮೊದಲ ಸಲ ಅದು ಸರಿಯಾಗಿ ಬಂದಿತ್ತು.

ಆ ಖುಷಿಯಲ್ಲೇ ಎಡವಟ್ಟು ಮಾಡಿಕೊಂಡೆ.

"ಅದ್ಸರಿ ಕಣಮ್ಮ," ಅಂದರು ಹಿರಿಯರು. "ಲಾರಿ ಮೇಲಿರೋವಾಗ್ಲೇ ಹೆಗ್ಗಣ ಕೇಬಲ್ ಕಡಿದ್ರೆ? ಇಲ್ಲಿ ಹೆಗ್ಗಣ ಬೇಜಾನಿವೆ."

ಮೇಡಂ ಟೈಪ್ ಮಾಡಲು ಶುರುಮಾಡುವ ಮೊದಲೇ ಅವರ ದನಿಯಲ್ಲಿ ನಾನು ಉತ್ತರ ಕೊಟ್ಟೆ: "ಏನೂ ಆಗಲ್ಲ ಸಾರ್, ಕೊನೇ ತೂಕ ಹಂಗೇ ನಿಂತಿರುತ್ತೆ!"

ಹಿರಿಯರ ಹುಬ್ಬು ಗಂಟಿಕ್ಕಿತು. "ಹಂಗೇ ನಿಂತಿರುತ್ತಾ? ಮುಂದಿನ ಲಾರಿಗೂ ಅದೇ ತೂಕ ಬರ್ಕೊಡೋದಾ?"

ಗೂಡಿನಲ್ಲಿ ಗುಜುಗುಜು. ಬಾಗಿಲ ಹತ್ತಿರ ಬಾಸ್ ಕಣ್ಣು ಮುಚ್ಚಿಕೊಂಡರು. ಮೇಡಂ ಗಂಟಲಿನಿಂದ ಆ ಸದ್ದು ಇನ್ನೆಂದೂ ಬರುವ ಹಾಗಿರಲಿಲ್ಲ. ಆದರೆ ಪರದೆಯ ಗಾಜಿನ ಮೇಲೆ ಉಗುರು ಬಿತ್ತು. ಟಕ್ ಟಕ್. ನನ್ನ ಬೆನ್ನು ನೆಟ್ಟಗಾಯಿತು, ಬಾಯಿ ಮುಚ್ಚಿತು.

ಮೇಡಂ ಎದ್ದರು. ಕತ್ತಿನ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೇಜಿನ ಕೆಳಗೆ ಬಗ್ಗಿದರು. ತಕ್ಕಡಿಯಿಂದ ಬರುವ ಕೇಬಲನ್ನು ಹಿಡಿದು, ಲಾರಿ ಇನ್ನೂ ಹಾಸಿನ ಮೇಲೆ ನಿಂತಿರುವಾಗಲೇ, ಎಳೆದು ಕಿತ್ತರು.

ಎರಡೂ ಪರದೆಗಳ ಅಂಕಿ ಒಟ್ಟಿಗೇ ಮಾಯವಾಯಿತು. ಹಳೆಯದರಲ್ಲಿ ಬರೀ ಗೀಟುಗಳು. ಹೊಸದರಲ್ಲಿ ಕೆಂಪು ಅಕ್ಷರ: ತೂಕ ಬರುತ್ತಿಲ್ಲ. ಆಪರೇಟರ್ ಅಣ್ಣ ರಸೀದಿಯ ಬಟನ್ ಒತ್ತಿ ನೋಡಿದ, ಅದು ಜಪ್ಪಯ್ಯ ಅನ್ನಲಿಲ್ಲ. ಮೇಡಂ ಕೂತು ಟೈಪ್ ಮಾಡಿದರು. ನಾನು ಕಾದೆ. ಕೊನೆಯ ಅಕ್ಷರ ಬಿದ್ದ ಮೇಲೆ, ಒಂದು ಮಾತೂ ಸೇರಿಸದೆ ಓದಿದೆ:

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ತೋರಿಸ್ಬೇಕು. ಮೊದ್ಲು ಬಂದ ಉತ್ತರ ನಂದಲ್ಲ, ನಲ್ಲೀದು."

ಹಿರಿಯರು ನಕ್ಕ ರಭಸಕ್ಕೆ ಟೀ ಚೆಲ್ಲಿತು. "ಕೆಲಸ ಈಯಮ್ಮನ ಹತ್ರಾನೇ ಇರ್ಲಿ ಕಣ್ರೀ," ಎಂದು ಬಾಸ್‌ಗೆ ಹೇಳಿದರು. ಬಾಸ್ ಕಣ್ಣು ತೆರೆದು "ಆಗೋಯ್ತು ಸಾರ್, ಆಗೋಯ್ತು" ಅಂದರು. ಆ ಒಂದು ಸಲ ಅದು ನಿಜವಾಗಿತ್ತು.

ಅಲ್ಲಿಂದ ಬಹಳ ದಿನ ನಾನು ಮೇಡಂ ನಲ್ಲಿಯಾಗಿದ್ದೆ. ನನ್ನ ಕೋಡಿನ ರಿವ್ಯೂ ಇದ್ದಾಗಂತೂ ಹುಡುಗರಿಗೆ ಹಬ್ಬ: ಮೇಡಂ ಬರೆದ ಬೈಗುಳವನ್ನು ಅವರ ದನಿಯಲ್ಲಿ ನನಗೆ ನಾನೇ ಗಟ್ಟಿಯಾಗಿ ಬೈದುಕೊಳ್ಳಬೇಕು, ಆಮೇಲೆ ನನ್ನ ದನಿಯಲ್ಲಿ "ಸಾರಿ ಮೇಡಂ" ಅನ್ನಬೇಕು. ಆದರೆ ಪಕ್ಕದಲ್ಲಿ ನಿಂತು ಅವರ ಮಾತು ಅಕ್ಷರ ಅಕ್ಷರವಾಗಿ ಹುಟ್ಟುವುದನ್ನು ನೋಡುತ್ತಿದ್ದೆನಲ್ಲ, ಹಾಗೆ ಅವರನ್ನು ಓದಿದವನು ನಾನೊಬ್ಬನೇ. ಎಲ್ಲಿ ನಿಲ್ಲುತ್ತಾರೆ, ಯಾವ ಪದ ಬರೆದು ಅಳಿಸುತ್ತಾರೆ, ಖಾರವಾದದ್ದನ್ನು ಹೇಗೆ ಅರ್ಧ ಮೆಣಸಿನಕಾಯಿಗೆ ಇಳಿಸುತ್ತಾರೆ. ದನಿಗಿಂತ ಕೆಳಗೆ ಇಷ್ಟೆಲ್ಲ ಪದರಗಳಿರುತ್ತವೆ ಎಂದು ಎಲ್ಲರ ಗಂಟಲನ್ನು ಕದ್ದು ತಿರುಗುತ್ತಿದ್ದ ನನಗೆ ಗೊತ್ತಿರಲಿಲ್ಲ.

ಆಮೇಲೆ ವೈದ್ಯರು ಕತ್ತಿನಲ್ಲಿ ಒಂದು ಪುಟ್ಟ ಕವಾಟ ಕೂರಿಸಿದರು. ಬಟ್ಟೆಯ ಮೇಲಿನಿಂದ ಬೆರಳಲ್ಲಿ ಒತ್ತಿ ಹಿಡಿದರೆ ಮಾತು ಬರುತ್ತದಂತೆ. ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿಕೊಂಡಿದ್ದರು. ಒಂದು ಬೆಳಿಗ್ಗೆ ನಾನು ಕೆಲಸದಲ್ಲಿ ಮುಳುಗಿದ್ದಾಗ ಹಿಂದಿನಿಂದ ನನ್ನ ಮಾನಿಟರಿಗೆ ಟಕ್ ಟಕ್. ಆಮೇಲೆ, ಜಲ್ಲಿ ಕಲ್ಲಿನ ಮೇಲೆ ಚಕ್ರ ಉರುಳಿದಂಥ, ನಾನೆಂದೂ ಕೇಳಿರದ ಒಂದು ದಪ್ಪ ದನಿ:

"ಪರದೆಗೆ ಯಾಕೋ ಇಷ್ಟೊಂದು ಗೊತ್ತು?"

ತಿರುಗಿ ನೋಡುವ ಮೊದಲೇ ನನ್ನ ಬೆನ್ನಿಗೆ ಅದು ಯಾರೆಂದು ಗೊತ್ತಾಗಿತ್ತು.

ಆಫೀಸೆಲ್ಲ ಸುತ್ತ ನೆರೆಯಿತು. ಗಲಾಟೆ ಸ್ವಲ್ಪ ಇಳಿದ ಮೇಲೆ ಯಾರೋ ಹಿಂದಿನಿಂದ, "ಹೊಸ ದನಿ ಮಾಡೋ ಮಗಾ" ಅಂದರು. ನಾನು ಬೇಡವೆಂದು ತಲೆಯಾಡಿಸಿದೆ. ಮೇಡಂ ಬೆರಳು ಕತ್ತಿಗೆ ಹೋಯಿತು.

"ಮಾಡು."

ನನ್ನ ಕತ್ತಿಗೂ ಬೆರಳು ಒತ್ತಿಕೊಂಡೆ. ಏನು ಹೇಳಬೇಕೆಂದು ತಿಳಿಯದೆ ನನ್ನದೇ ಪರದೆಯತ್ತ ನೋಡಿದೆ. ತಪ್ಪು ಕಂಡಿತು. ಗಾಜಿಗೆ ಟಕ್ ಟಕ್ ಬಡಿದು, ಸಿಕ್ಕಷ್ಟು ಜಲ್ಲಿ ಗಂಟಲಿಗೆ ತುಂಬಿಕೊಂಡು ಹೇಳಿದೆ: "ಖಾಲಿ ಲಾರಿ ತೂಕ ಕಳೆಯೋ ಲೆಕ್ಕ ಇಲ್ಲಿ ಪರದೇಲಿ ಯಾಕೋ ಇದೆ? ಇದು ನಲ್ಲಿ ಮಾಡೋ ಕೆಲಸಾನಾ? ಕೆಳಗೆ ಕಳಿಸು."

ಮೇಡಂ ತಲೆ ಓರೆ ಮಾಡಿ ಕೇಳಿದರು.

"ಧ್ವನಿ ಸರಿಯಿಲ್ಲ," ಅಂದರು. ಉಸಿರು ತೆಗೆದುಕೊಳ್ಳಲು ಬೆರಳು ಎತ್ತಿ ಮತ್ತೆ ಒತ್ತಿದರು. "ಮಾತು ನಂದೇ."

ಕುರ್ಚಿ ಎಳೆದುಕೊಂಡು ಕೂತು, ಆ ಲೆಕ್ಕವನ್ನು ಕೆಳಗಿನ ಪದರಕ್ಕೆ ಸರಿಸಿದೆ.