ಒಂದು ಹೆಸರಿಗೆ ಕೆಂಪು ಬಣ್ಣ

ಕಡಲಾಚೆಯ ಮೆಲಾಕಾ ಊರಿನ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಲಜಾಕ್ಷಿ ಸಮಾಧಿಯೊಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಲ್ಲಿನಲ್ಲಿ ಕೊರೆದ ಚೀನೀ ಅಕ್ಷರಗಳ ಪಾಚಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಎರಡು ಡಬ್ಬಿ, ಒಂದರಲ್ಲಿ ಚಿನ್ನದ ಬಣ್ಣ, ಇನ್ನೊಂದರಲ್ಲಿ ಕೆಂಪು. ಈ ಅಕ್ಷರಗಳಲ್ಲಿ ಒಂದನ್ನೂ ಅವರು ಓದಲಾರರು. "ಓದಿ ಏನಾಗ್ಬೇಕು? ಗೀಟು ತಪ್ಪದೆ ಬಳಿದ್ರೆ ಸಾಕು ಲಾ," ಎನ್ನುತ್ತಾರೆ, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಮೈಸೂರಿನ ಈ ಐವತ್ತೆಂಟರ ಹೆಂಗಸು ಇಲ್ಲಿಗೆ ಬಂದದ್ದು ಹೋಟೆಲ್ ಅಡುಗೆಯವರಾಗಿದ್ದ ಗಂಡ ಮಹೇಶರ ಜೊತೆ. ಹೋಟೆಲು ಮುಚ್ಚಿದಾಗ ಸಿಕ್ಕ ಕೆಲಸ ಇದು. ಹತ್ತೊಂಬತ್ತು ವರ್ಷಗಳಿಂದ ಯಾಪ್ ಮನೆತನದ ಹನ್ನೊಂದು ಸಮಾಧಿಗಳು ಅವರ ಕೈಯಲ್ಲಿವೆ. ಚೀನಾದಿಂದ ಹಡಗೇರಿ ಬಂದು ಸಾಬಕ್ಕಿ ವ್ಯಾಪಾರದಲ್ಲಿ ಕುದುರಿಕೊಂಡ ಮನೆತನವದು. ವಾರಕ್ಕೆರಡು ಸಲ ಹುಲ್ಲು ಕೊಯ್ಯಬೇಕು. ಏಪ್ರಿಲ್‌ನಲ್ಲಿ ಹಿರಿಯರ ಪೂಜೆಗೆ ಮನೆಯವರು ಬರುವ ಮುನ್ನ ಆರುನೂರಕ್ಕೂ ಹೆಚ್ಚು ಅಕ್ಷರಗಳಿಗೆ ಬಣ್ಣ ಬಳಿಯಬೇಕು. "ಮೊದಮೊದ್ಲು ನಮ್ಮೋರೇ ನಮ್ಮನೇಲಿ ಕಾಫಿ ಕುಡೀತಿರ್ಲಿಲ್ಲ," ಎಂದು ನನ್ನತ್ತ ನೋಡಿ ನಗುತ್ತಾರೆ. ನಗುವಂಥ ಮಾತಲ್ಲ.

ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಇಬ್ಬರ ಹೆಸರನ್ನೂ ಕಲ್ಲಿಗೆ ಕೊರೆಸಿಬಿಡುತ್ತಾರೆ. ಹೋದವರ ಹೆಸರಿಗೆ ಚಿನ್ನ, ಇರುವವರ ಹೆಸರಿಗೆ ಕೆಂಪು. ಇದು ಗೊತ್ತಿಲ್ಲದೆ ಜಲಜಾಕ್ಷಿ ಮೊದಲ ವರ್ಷ ಎಲ್ಲಕ್ಕೂ ಚಿನ್ನವನ್ನೇ ಬಳಿದಿದ್ದರು. ಯಾಪ್ ಮನೆಯ ಹಿರಿಯಜ್ಜಿ, ಎಲ್ಲರ ಬಾಯಲ್ಲಿ 'ಆಮಾ', ಬಂದು ನೋಡಿದರೆ ಅವರ ಹೆಸರೂ ಫಳಫಳ.

"ನಾನಿನ್ನೂ ಹೋಗಿಲ್ಲ ಲಾ ಅಂತ ಕೂಗಿದ್ರು. ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಮೊಳೆ ತಗೊಂಡು ಕೆರೆಯೋಕೆ ಕೂತೆ. ಉರಿಬಿಸಿಲು. ಕೆರೆದು ಮುಗಿಯೋವರ್ಗೂ ಆಮಾ ಕೊಡೆ ಹಿಡ್ಕೊಂಡು ನಿಂತಿದ್ರು, ನನ್ ತಲೆ ಮೇಲೆ."

ಅಲ್ಲಿಂದ ಪ್ರತಿ ವರ್ಷ ಆಮಾ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದರು. ಅವರ ಹೆಸರು ಕೆಂಪಾದ ಮೇಲೆಯೇ ತಿಂಡಿ ಡಬ್ಬಿ ತೆರೆಯುತ್ತಿದ್ದದ್ದು.

ಈ ವರ್ಷ ಮಣೆ ಖಾಲಿ. ತೊಂಬತ್ಮೂರರ ಆಮಾ ಒಂದು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಅವರ ಮೊಮ್ಮಗ ರಾಜಧಾನಿಯ ಬಾಂಗ್ಸಾರ್‌ನಿಂದ ಫೋನ್ ಮಾಡಿದ್ದರಂತೆ. ಡಾಕ್ಟರು ಕೈಚೆಲ್ಲಿದ್ದಾರೆ, ಹೇಗೂ ಬಳಿಯಬೇಕಾದ್ದೇ, ಈಗಲೇ ಚಿನ್ನ ಬಳಿದುಬಿಡಿ ಎಂದು. ನಾನಾಗಿದ್ದರೆ ಆಗಲಿ ಎಂದುಬಿಡುತ್ತಿದ್ದೆ.

"ಉಸಿರಿರೋವರ್ಗೂ ಆ ಹೆಸ್ರಿಗೆ ಚಿನ್ನ ಮುಟ್ಸೋಲ್ಲ, ಬೇಕಾದ್ರೆ ಬೇರೆಯವ್ರನ್ನ ನೋಡ್ಕೊಳಿ ಅಂದೆ. ಫೋನ್ ಇಟ್ಬಿಟ್ರು." ಕೆಲಸ ಉಳಿಯುತ್ತದೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ಬಿಸಿಲು ಏರುವ ಹೊತ್ತಿಗೆ ಆಮಾ ಹೆಸರಿನ ಮೂರೂ ಅಕ್ಷರಗಳು ಕೆಂಪಾಗಿವೆ. ಮೂರಕ್ಷರಕ್ಕೆ ಇಷ್ಟು ದೊಡ್ಡ ಡಬ್ಬಿಯೇ ಎಂದು ಕೇಳುತ್ತೇನೆ.

"ಸಣ್ಣದೇ ಸಾಕಿತ್ತು," ಎನ್ನುತ್ತಾ ಜಲಜಾಕ್ಷಿ ಮುಚ್ಚಳವನ್ನು ಬಿಗಿಯಾಗಿ ಒತ್ತುತ್ತಾರೆ. "ಮುಂದಿನ ವರ್ಷಕ್ಕೂ ಬೇಕಲ್ಲ."