ಹೆಜ್ಜೆ ಮೂಡದವನ ಓದುಗರು

ನನ್ನ ಕತೆಯ ಹುಡುಗನಿಗೆ ಮೊದಲು ಮದ್ದು ಹೇಳಿದವರು ಅವರ್ಸಾದಲ್ಲಿ ನನ್ನ ಜೊತೆ ಬೆಳಗಿನ ಬಸ್ಸು ಹತ್ತುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಒಂದು ದಿನ ಪಕ್ಕದಲ್ಲಿ ಬಂದು ಕೂತರು. ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿ, "ಅಕ್ಕೋರೆ, ಆ ಹುಡ್ಗನ್ನ ಒಂದ್ಸಲ ಗುನಗನ ಹತ್ರ ಕರ್ಕಂಡಿ ಹೋಗೂಕೆ ಹೇಳ್ರಾ. ದೇವ್ರ ಮುಂದೆ ಒಂದು ಕಾಯಿ ಒಡ್ಸೂಕೆ ಎಂತಾ ಕಷ್ಟ?" ಅಂದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಗುನಗ ಊರದೇವರ ಪೂಜೆ ಮಾಡುವವನು. ಇವೆರಡೂ ನನಗೆ ಹೊಸತಲ್ಲ. ಆದರೆ ನಾನು ಕೂತು ಕಟ್ಟಿದ ಹುಡುಗನಿಗೆ ಕಾಯಿ ಒಡೆಸಬೇಕು ಅಂದದ್ದು ಮಾತ್ರ ಹೊಸತು. "ಅಂಥವನು ಯಾರೂ ಇಲ್ಲ ಮಾರಾಯ್ರೆ, ನಾನು ಸುಮ್ಮನೆ ಬರೆದದ್ದು" ಅಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. "ಇಲ್ದೆ ಇದ್ದವ್ನ ಬಗ್ಗೆ ವಾರ ವಾರ ಬರಿಯೂಕೆ ಆತದ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿ ಕೂತರು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಖಾತ್ರಿಯಾಗಿತ್ತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕಾರವಾರದ ಬಸ್ಸು ಹಿಡಿದು, ಅಲ್ಲಿನ ಒಂದು ಸಣ್ಣ ವಾರಪತ್ರಿಕೆಯ ಕಚೇರಿಗೆ ಹೋಗಿ ನನ್ನ ಧಾರಾವಾಹಿಯ ಕಂತು ಕೊಟ್ಟು ಬರುತ್ತಿದ್ದೆ. ಅದು ಬುಧವಾರ ಅಚ್ಚಾಗಿ ಬರುತ್ತಿತ್ತು.

ಕತೆ ಇಷ್ಟೇ. ಕಡಲ ದಂಡೆಯ ಒಂದು ಊರು. ಅಲ್ಲೊಬ್ಬ ಹುಡುಗ. ಒಂದು ಬೆಳಿಗ್ಗೆ ಹಸಿ ಮರಳಿನ ಮೇಲೆ ನಡೆದು ತಿರುಗಿ ನೋಡಿದರೆ ಅವನ ಹೆಜ್ಜೆಯೇ ಮೂಡಿಲ್ಲ. ಏಡಿಗಳು ಅವನನ್ನು ಕಂಡು ಬಿಲಕ್ಕೆ ಓಡುವುದಿಲ್ಲ. ನಾಯಿ ಬೊಗಳುವುದಿಲ್ಲ. ಅವನಿಗೆ ಸಿಟ್ಟು ಬರುತ್ತದೆ, ಗಡಿಗೆ ಒಡೆಯುತ್ತಾನೆ, ತಾಯಿಯ ಜೊತೆ ಮಾತು ಬಿಡುತ್ತಾನೆ. ಕತ್ತಲಾದ ಮೇಲೆ ಬೇರೆಯವರ ಹೆಜ್ಜೆಗಳು ಎದ್ದು ಬಂದು ಅವನ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತವೆ. ಬರೆಯುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಅದು ನನಗೆ ಬಹಳ ಖುಷಿ ಕೊಡುತ್ತಿತ್ತು.

ಓದುಗರಿಗೆ ಬೇರೆಯೇ ಚಿಂತೆ. ನಮ್ಮ ಹೆಡ್ಮಾಸ್ತರರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮನೆಯಲ್ಲಿ ಎಲ್ಲಾ ಆರಾಮ ಅಲ್ವಾ?" ಎಂದು ಮೆತ್ತಗೆ ಕೇಳಿದರು. ಇಷ್ಟು ಕತ್ತಲೆ ಬರೆಯುವ ಹೆಂಗಸಿನ ಮನೆಯಲ್ಲಿ ದೀಪ ಹಚ್ಚುತ್ತಾರೋ ಇಲ್ಲವೋ ಎಂಬ ಅನುಮಾನ ಅವರಿಗೆ. ವಿದ್ಯಾರ್ಥಿಯೊಬ್ಬನ ತಾಯಿ ಬಂದು, ಮಕ್ಕಳಿಗೆ ಬುದ್ಧಿ ಬರುವ ಹಾಗೆ ಏನಾದರೂ ಬರೆಯಬಾರದೇ ಎಂದರು. ನನ್ನ ಹೆತ್ತ ಆಯಿಗಂತೂ ಸಂಶಯವೇ ಇರಲಿಲ್ಲ. "ಅವ್ನಿಗೊಂದು ಮದಿ ಮಾಡ್ಸು. ಎಲ್ಲಾ ಸಮಾ ಆತದೆ" ಎಂದಳು. ಮದುವೆಯಾದರೆ ಹೆಜ್ಜೆ ಮೂಡುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, "ಮೂಡ್ದೆ ಎಲ್ಲಿಗೆ ಹೋತದೆ? ಅಂಗಡಿಗೆ ಹೋಗೂಕೆ, ಬರೂಕೆ, ಮೂಡ್ಲೇಬೇಕು" ಎಂದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇವರಿಗೆಲ್ಲ ಒಂದು ಪಾಠ ಕಲಿಸಬೇಕು ಎಂದುಕೊಂಡೆ. ಕೊನೆಯ ಕಂತಿನಲ್ಲಿ ಆ ಹುಡುಗ ಕಡಲಿಗೆ ಇಳಿದು ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಕಾಯಿಯೂ ಬೇಡ, ಮದುವೆಯೂ ಬೇಡ. ಅದಕ್ಕೆ ಮುಂಚಿನ ಕಂತನ್ನು, ಅವನು ನೀರಿಗೆ ಕಾಲಿಡುವಲ್ಲಿಗೆ ನಿಲ್ಲಿಸಿದ್ದೆ. ಬುಧವಾರ ಅದು ಬಂದಾಗಿತ್ತು. ಕೊನೆಯದನ್ನು ಬರೆದು ಮುಗಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಶುಕ್ರವಾರ ಸಂಜೆ ಶಾಲೆ ಬಿಟ್ಟು ಹೊರಗೆ ಬಂದರೆ, ಗೇಟಿನ ಹತ್ತಿರ ಒಬ್ಬ ಮೀನು ಮಾರುವ ಹೆಂಗಸು ಖಾಲಿ ಬುಟ್ಟಿ ಕೆಳಗಿಟ್ಟುಕೊಂಡು ನಿಂತಿದ್ದಳು. ಪೇಟೆಯಲ್ಲಿ ನೋಡಿದ ಮುಖ, ಆದರೆ ಪರಿಚಯವಿಲ್ಲ.

"ನೀವೇ ಕತಿ ಬರಿಯೂ ಅಕ್ಕೋರಾ?"

"ಹೌದು."

"ಅವ್ನ ಕೊಂದ್ಬಿಟ್ರಿ ಅಲ್ಲಾ?"

 ಕೊನೆಯ ಕಂತನ್ನು ಇನ್ನೂ ಯಾರೂ ನೋಡಿರಲಿಲ್ಲ. ಚೀಲ ನನ್ನ ಹೆಗಲ ಮೇಲೇ ಇತ್ತು. "ಯಾರು ಹೇಳಿದರು ನಿಮಗೆ? ಅವನು ಸತ್ತಿಲ್ಲ" ಎಂದೆ, ದನಿ ಏರಿಸಿಯೇ.

"ನಂಗೆ ಕೆಮಿ ಇಲ್ವಾ? ನಮ್ಮ ಹುಡ್ಗ ಓದ್ದಾ, ನಾ ಕೇಳ್ದೆ. ಮೆಲೊ ಮೆಲೊ ಅಂತ ಎರಡೆರಡು ಸಲ ಬರ್ದೀರಿ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೊನೆಗೆ ಹೊಳೆಯಿತು. "ಅವನು ಮೆಲ್ಲ ಮೆಲ್ಲ ನೀರಿಗಿಳಿದ" ಎಂದು ಬರೆದಿದ್ದೆ. ಅಂಕೋಲೆಯ ಪೇಟೆಯಲ್ಲಿ ಯಾರೂ ಮೆಲ್ಲ ಎನ್ನುವುದಿಲ್ಲ, ಅದು ಪುಸ್ತಕದ ಮಾತು. ಇವಳ ಮನೆಯ ಮಾತು ಕೊಂಕಣಿ. ಕೊಂಕಣಿಯಲ್ಲಿ ಮೆಲೊ ಅಂದರೆ ಸತ್ತ, ಹಿರಿಯರಿಗೆ ಯಾರೂ ಬಳಸದ ಒರಟು ಮಾತು.

ನಾನು ಜೋರಾಗಿ ನಕ್ಕುಬಿಟ್ಟೆ. ನಗುತ್ತ ನಗುತ್ತಲೇ ಅದು ಹಾಗಲ್ಲ, ಹೀಗೆ ಎಂದು ಬಿಡಿಸಿ ಹೇಳಿದೆ. ಅವಳು ನಗಲಿಲ್ಲ. ಶಾಲೆಯ ಪಾಗಾರಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತಳು. ನಾನೂ ಪಕ್ಕದಲ್ಲಿ ಕೂರಬೇಕಾಯಿತು.

ಅವಳ ಊರು ಬೆಳಂಬಾರ. ಹಿಂದಿನ ವರ್ಷ ಗಂಡ ಮತ್ತು ಮಗ ಇಬ್ಬರೇ ಸಣ್ಣ ದೋಣಿಯಲ್ಲಿ ಹೋಗಿದ್ದರು. ಅಳಿವೆಯ ಹತ್ತಿರ ತೆರೆ ಎದ್ದು ದೋಣಿ ಮಗುಚಿತು. ಮಗ ಈಜಿಕೊಂಡು ಬಂದ. "ದಂಡಿಗೆ ಬಂದು ಬಿದ್ದಾ. ಬಿದ್ದಲ್ಲೇ ಅದೊಂದು ಶಬ್ದ ಹೇಳ್ದಾ ಅಕ್ಕೋರೆ. ಮೆಲೊ ಅಂದಾ. ಹೆತ್ತ ಅಪ್ಪನ್ನ ಯಾರಾದ್ರೂ ಹಾಂಗೆ ಹೇಳ್ತ್ರ? ಅಂವ ಹೇಳ್ದಾ. ಅದೇ ಕಡೆ. ಮತ್ತೆ ಮಾತೇ ಇಲ್ಲ. ಉಣ್ಣು ಅಂದ್ರೆ ಉಣ್ತಾ. ಏಳು ಅಂದ್ರೆ ಏಳ್ತಾ."

ಒಣಶೆಟ್ಲಿಯನ್ನು, ಅಂದರೆ ಒಣಗಿಸಿದ ಸೀಗಡಿಯನ್ನು, ಕಟ್ಟಿಕೊಡಲು ಅವಳು ಹಳೆಯ ಪೇಪರು ತಂದಿಡುತ್ತಿದ್ದಳು. ಒಂದು ದಿನ ಅದರೊಳಗಿಂದ ಮಗ ಒಂದು ಹಾಳೆ ಎತ್ತಿಕೊಂಡ. ಗೋಡೆಗೆ ಮುಖ ಮಾಡಿಯೇ, ಸಣ್ಣಗೆ, ಬಾಯಿ ಬಿಟ್ಟು ಓದತೊಡಗಿದ. ಒಲೆಯ ಮುಂದಿದ್ದ ಅವಳು ಅಲುಗದೆ ಕೂತಳಂತೆ, ಅಲುಗಿದರೆ ನಿಲ್ಲಿಸಿಬಿಟ್ಟಾನೆಂದು. ಅದು ನನ್ನ ಕತೆಯ ಒಂದು ಕಂತು. ಅಂದಿನಿಂದ ಬುಧವಾರ ಪೇಟೆಯಿಂದ ಬರುವಾಗ ಚಾದಂಗಡಿಯವನ ಹತ್ತಿರ ಕೇಳಿ ಪೇಪರು ಒಯ್ಯುತ್ತಿದ್ದಳು. ವಾರಕ್ಕೊಂದು ಸಲ ಅವನ ಸ್ವರ ಕೇಳುತ್ತಿತ್ತು.

"ನಿಮ್ಮ ಕತಿ ನಂಗೆ ಅರ್ಧಕ್ಕರ್ಧ ತಿಳಿಯೂದಿಲ್ಲ" ಎಂದಳು. "ಬೇಜಾರ ಮಾಡ್ಕಣಬೇಡಿ. ಅವ್ನ ಸ್ವರ ಕೇಳೂಕೆ ಕೂರೂದು ನಾ."

ಈ ಬುಧವಾರ ಅದೇ ಬಾಯಿಂದ ಅದೇ ಶಬ್ದ ಮತ್ತೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಪೇಪರನ್ನು ಕಿತ್ತುಕೊಂಡು ಬಚ್ಚಲ ಒಲೆಗೆ ಹಾಕಿದಳು. ಅವನು ಗೋಡೆಗೆ ತಿರುಗಿ ಮಲಗಿದವನು, ಈಗ ಉಣ್ಣು ಅಂದರೂ ಏಳುತ್ತಿಲ್ಲ.

"ನೀವೇ ಬಂದಿ ಹೇಳಿ, ಅಂವ ಸಾಯ್ಲಿಲ್ಲ ಅಂತ" ಎಂದಳು. ಬುಟ್ಟಿ ಎತ್ತಿಕೊಳ್ಳುತ್ತ, "ಇನ್ನು ಮುಂದೂ ಸಾಯ್ಸಬೇಡಿ" ಎಂದಳು.

ಚೀಲ ಮಡಿಲಲ್ಲಿತ್ತು. ಅದರಲ್ಲಿ ಏನಿದೆ ಎಂದು ನಾನು ಹೇಳಲಿಲ್ಲ.

ಶನಿವಾರ ಕಾರವಾರಕ್ಕೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿನಿಂದ ಸಂಪಾದಕರಿಗೆ ಈ ವಾರ ಕಂತಿಲ್ಲ ಎಂದು ತಿಳಿಸಿದೆ. ಅವರು ಬೈದದ್ದನ್ನು ಪೂರ್ತಿ ಕೇಳುವ ಮೊದಲೇ ನಾಣ್ಯದ ಅವಧಿ ಮುಗಿಯಿತು, ಒಳ್ಳೆಯದೇ ಆಯಿತು. ಬೆಳಂಬಾರದ ಬಸ್ಸು ಹತ್ತಿದೆ.

ಮಗನಿಗೆ ಇಪ್ಪತ್ತರ ಮೇಲಾಗಿರಬೇಕು. ನನ್ನನ್ನು ನೋಡಿ ಎದ್ದು ಕೂತ, ಅಷ್ಟೇ. ನಾನು ದಾರಿಯುದ್ದಕ್ಕೂ ಒಂದಿಷ್ಟು ಮಾತು ಕಟ್ಟಿಕೊಂಡು ಬಂದಿದ್ದೆ. ಬಾಗಿಲು ದಾಟುವಾಗ ಎಲ್ಲ ಮರೆತುಹೋಯಿತು. ನನ್ನ ಹತ್ತಿರವಿದ್ದ ಆ ಬುಧವಾರದ ಪೇಪರನ್ನು ಸುಮ್ಮನೆ ಅವನ ಮುಂದೆ ಇಟ್ಟೆ.

ಅವನು ಅದನ್ನು ಮುಟ್ಟಲಿಲ್ಲ. ತಾಯಿ ಒಳಗೆ ಹೋಗಿ ಚಾಕ್ಕೆ ನೀರಿಟ್ಟಳು. ಒಲೆಯ ಸದ್ದು ಕೇಳಿದ ಮೇಲೆ ಅವನು ಪೇಪರು ಎತ್ತಿಕೊಂಡ. ಓದತೊಡಗಿದ. ನನ್ನ ವಾಕ್ಯಗಳನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಹೆದರಿಸಲೆಂದು ಬರೆದದ್ದನ್ನು ಅವನು ಹೆದರದೆ, ತನಗೆ ಗೊತ್ತಿರುವ ಊರಿನ ದಾರಿ ಹೇಳುವವನ ಹಾಗೆ ಓದುತ್ತಿದ್ದ.

ಕೊನೆಯ ಸಾಲಿಗೆ ಬಂದು ನಿಂತ. ಅಡಿಗೆಮನೆಯ ಕಡೆ ನೋಡಿದ. ಮತ್ತೆ ಓದಿದ.

"ಅವನು ಸಾವಕಾಸ ನೀರಿಗಿಳಿದ."

ಸಾವಕಾಸ. ನಮ್ಮ ಕಡೆಯ ಮಾತು. ಬಸ್ಸಿನಿಂದ ಇಳಿಯುವ ಮುದುಕರಿಗೆ, ಬಿಸಿ ಗಂಜಿ ಉಣ್ಣುವ ಮಕ್ಕಳಿಗೆ, ಕನ್ನಡದವರೂ ಕೊಂಕಣಿಯವರೂ ಎಲ್ಲರೂ ಹೇಳುವುದು ಅದನ್ನೇ. ಅವನ ತಾಯಿಗೆ ಅದರಲ್ಲಿ ಕೇಳಬಾರದ್ದು ಏನೂ ಇರಲಿಲ್ಲ. ಬೇರೆ ಯಾರಾದರೂ ನನ್ನ ಒಂದು ಶಬ್ದ ಮುಟ್ಟಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ನನ್ನ ಮೆಲ್ಲ ಮೆಲ್ಲವನ್ನು ನಾನೇ ಮನಸ್ಸಿನಲ್ಲಿ ಹೊಡೆದುಹಾಕಿದೆ. ಮಾತಿಲ್ಲದೆ ಕೂತ ಮಗ ಇಷ್ಟು ದಿನವೂ ತಾಯಿಯನ್ನು ನೋಡುತ್ತಲೇ ಇದ್ದ, ಅವಳಿಗೆ ಯಾವುದು ನೋಯುತ್ತದೆಂದು ಅವನಿಗೆ ಗೊತ್ತಿತ್ತು.

ಚಾ ಕುಡಿದು ಹೊರಡಲು ಎದ್ದೆ. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಸ್ವರ ಬಂತು.

"ಅವ್ನ ಹೆಜ್ಜೆ ಪೂರಾ ವಾಪಸ್ ಕೊಡಬೇಡಿ."

ತಿರುಗಿ ನೋಡಿದೆ. ಅವನು ಪೇಪರನ್ನು ಮಡಚುತ್ತಿದ್ದ. "ಎಂತಕ್ಕೆ?" ಎಂದು ಕೇಳಿದೆ.

"ಸುಳ್ಳಾತದೆ."

ತಾಯಿ ಚಾ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಬೇಗ ಬೇಗ ಒಳಗೆ ಹೋದಳು. ಒಳಗೆ ಅವಳು ಮೂಗು ಒರೆಸಿಕೊಳ್ಳುವುದು ನನಗೆ ಕೇಳಿಸಿತು.

ಮನೆಗೆ ಬಂದು ಚೀಲದಲ್ಲಿದ್ದ ಕಂತನ್ನು ಹರಿದು ಹಾಕಿದೆ. ಹರಿಯುವುದು ಸುಲಭ, ಬರೆಯುವುದು ಕಷ್ಟವಾಯಿತು. ತಾಯಿಗೆ ಅವನು ಬದುಕಬೇಕು. ಮಗನಿಗೆ ಸುಳ್ಳು ಬೇಡ. ವಾರವಿಡೀ ಮಕ್ಕಳಿಗೆ ಸಮಾಸ ಕಲಿಸುತ್ತ ಅದನ್ನೇ ಯೋಚಿಸಿದೆ, ಒಂದಿಬ್ಬರಿಗೆ ಕಾರಣವಿಲ್ಲದೆ ಗದರಿದೆ. ಕೊನೆಗೆ ಹೀಗೆ ಬರೆದೆ: ಹುಡುಗ ಸೊಂಟದವರೆಗೆ ನೀರಿಗಿಳಿದವನು ಅಲ್ಲೇ ನಿಲ್ಲುತ್ತಾನೆ. ಬೆಳಕು ಹರಿಯುವ ಹೊತ್ತಿಗೆ ಹಿಂತಿರುಗುತ್ತಾನೆ, ಸಾವಕಾಸ. ಮರಳಿನ ಮೇಲೆ ಅವನ ಒಂದೇ ಕಾಲಿನ ಹೆಜ್ಜೆ ಮೂಡಿರುತ್ತದೆ. ಇನ್ನೊಂದು ಮೂಡಿರುವುದಿಲ್ಲ.

ಸಂಪಾದಕರು ಓದಿ, ಇದೆಂಥ ಮುಗಿತಾಯ, ಇಷ್ಟು ವಾರ ಹೆದರಿಸಿ ಕೊನೆಗೆ ಒಂಟಿ ಕಾಲೇ ಎಂದರು. ಸಾವಕಾಸವನ್ನು ಹೊಡೆದು ಮೆಲ್ಲಗೆ ಎಂದು ತಿದ್ದಲು ಪೆನ್ನು ತೆಗೆದರು. ನಾನು ಹಾಳೆಯ ಮೇಲೆ ಕೈಯಿಟ್ಟು, "ಅದೊಂದು ಇರಲಿ" ಎಂದೆ. ನನ್ನ ಮುಖ ನೋಡಿ ಪೆನ್ನು ಜೇಬಿಗೆ ಹಾಕಿಕೊಂಡರು. ಪೋಸ್ಟ್‌ಮ್ಯಾನರು ಬಸ್ಸಿನಲ್ಲಿ, "ನಾ ಹೇಳ್ದೆ ಅಲ್ವಾ? ಕಾಯಿ ಒಡ್ಸಿದ್ರೆ ಎರಡೂ ಬರ್ತಿತ್ತು" ಎಂದರು. ಆಯಿ, ಒಂದು ಕಾಲಿನವನಿಗೆ ಈಗ ಹೆಣ್ಣು ಯಾರು ಕೊಡುತ್ತಾರೆ ಎಂದು ನಿಟ್ಟುಸಿರು ಬಿಟ್ಟಳು.

ಬೆಳಂಬಾರದ ಸುದ್ದಿಗಾಗಿ ನಾನು ಕಾಯುತ್ತಿದ್ದೆ. ಕತೆ ಮುಗಿದಿತ್ತು. ಇನ್ನು ಮುಂದಿನ ಬುಧವಾರ ಅವನು ಏನು ಓದುತ್ತಾನೆ?

ಕೊನೆಯ ಕಂತು ಬಂದ ಮರುದಿನವೇ ಅವಳು ಶಾಲೆಯ ಗೇಟಿನಲ್ಲಿದ್ದಳು. ಈ ಸಲ ಬುಟ್ಟಿ ತಲೆಯ ಮೇಲೇ ಇತ್ತು.

"ಓದ್ದಾ ಅಕ್ಕೋರೆ. ಓದಿ ಮುಗ್ಸಿದ ಮೇಲೆ ನಾ ಕೇಳ್ದೆ, ಯಾವ ಕಾಲಿಂದು ಹೆಜ್ಜೆ, ಎಡಕಾಲೋ ಬಲಕಾಲೋ ಅಂತ. ಪೇಪರಿನಾಗೆ ಬರ್ದಿಲ್ಲ ಅಂದಾ."

 ಅದನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. "ಆಮೇಲೆ?" ಎಂದೆ.

"ಆಮೇಲೆ ಪೇಪರು ಬದಿಗಿಟ್ಟಾ. ಇಟ್ಟಿ, ತಾನೇ ಹೇಳೂಕೆ ಶುರು ಮಾಡ್ದಾ. ಬಲಕಾಲಿಂದು ಅಂದಾ. ಎಡಕಾಲಿಂದು ಅವ್ನ ಅಪ್ಪನ ಹತ್ರ ಅದೆ ಅಂದಾ. ಅಪ್ಪ ತಕಂಡಿ ಬರ್ತ್ರು, ಸಾವಕಾಸ ಬರ್ತ್ರು ಅಂದಾ."

ನನ್ನ ಕತೆಯಲ್ಲಿ ಅಪ್ಪ ಇರಲೇ ಇಲ್ಲ.  ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬುಟ್ಟಿಯನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡು, ಹೇಳಲು ಮರೆತದ್ದೊಂದನ್ನು ಹೇಳಿದಳು.

"ಪೇಪರಿನ ಕನ್ನಡದಾಗೆ ಅಲ್ಲ ಅಕ್ಕೋರೆ. ನಮ್ಮ ಮನೆ ಮಾತಿನಾಗೆ ಹೇಳ್ದಾ. ನಂಗೆ ಪೂರಾ ತಿಳೀತು."